ನನಗೆ ಕೇಳಿಸದ ಟ್ಯಾಪೆಟ್ ಸದ್ದು

ಗೋವಿಂದರಾಜನಗರದ ನಮ್ಮ ಮನೆಯಿಂದ ಪೀಣ್ಯದ ಫ್ಯಾಕ್ಟರಿಗೆ ಶಿಫ್ಟ್ ಮೇಲೆ ಶಿಫ್ಟ್ ನನ್ನನ್ನು ಹೊತ್ತು ತಿರುಗಿದ ಬೈಕು ಅದು. ಕಿಲೋಮೀಟರ್ ಮೀಟರು ಒಂದು ಸುತ್ತು ಪೂರ್ತಿ ತಿರುಗಿ ಮತ್ತೆ ಸೊನ್ನೆಯಿಂದ ಹೊರಟಿತ್ತು. ಆಮೇಲೆ ಅದರ ಕೇಬಲ್ ತುಂಡಾಯಿತು, ನಾನು ಹೊಸದು ಹಾಕಿಸಲಿಲ್ಲ. ರಿಟೈರ್ ಆದ ಮೇಲೂ ಅದರ ಸರ್ವಿಸ್ ಮಾತ್ರ ನಾನೇ ಮಾಡುತ್ತೇನೆ. ಗೇಟಿನೊಳಗೆ ಗೋಣಿಚೀಲ ಹಾಸಿಕೊಂಡು ಕೂತರೆ ಮಧ್ಯಾಹ್ನದವರೆಗೆ ನನಗೆ ಬೇರೇನೂ ಬೇಡ.

ಹೋದ ವರ್ಷ ಒಂದು ಭಾನುವಾರ ಹಾಗೇ ಕೂತಿದ್ದೆ. ಎಂಜಿನ್ ತಣ್ಣಗಿರುವಾಗಲೇ ಟ್ಯಾಪೆಟ್ ನೋಡಬೇಕು. ವಾಲ್ವನ್ನು ಒತ್ತಿ ತೆರೆಯುವ ಭಾಗ ಅದು. ಅದಕ್ಕೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಂದು ಜಾಸ್ತಿಯಾದರೆ ಟಿಕ್ ಟಿಕ್ ಅಂತ ಬಡಿಯುತ್ತದೆ. ಕಮ್ಮಿಯಾದರೆ ಸದ್ದೇ ಇರುವುದಿಲ್ಲ, ಆದರೆ ವಾಲ್ವು ಸರಿಯಾಗಿ ಮುಚ್ಚಿಕೊಳ್ಳದೆ ಒಳಗೊಳಗೇ ಸುಟ್ಟುಹೋಗುತ್ತದೆ. ತೆಳು ಉಕ್ಕಿನ ಪಟ್ಟಿ ತೂರಿಸಿ ಅಳತೆ ನೋಡಿ, ನಟ್ಟು ಬಿಗಿ ಮಾಡಿ, ಕಿಕ್ ಹೊಡೆದೆ. ಎಂಜಿನ್ ಮೆತ್ತಗೆ ಗುಡುಗಿತು. ಖುಷಿಯಾಯಿತು.

ನನ್ನ ಹೆಂಡತಿ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತಳು.

"ಏನ್ರೀ, ಇನ್ನೂ ಟಿಕ್ ಟಿಕ್ ಅಂತಾನೇ ಇದೆಯಲ್ಲ?"

"ಎಲ್ಲಿ? ಈಗಷ್ಟೇ ಸರಿ ಮಾಡಿದೀನಿ ಕಣೇ."

"ನಂಗೆ ಅಡುಗೆಮನೆವರೆಗೂ ಕೇಳಿಸ್ತು."

ತಮಾಷೆ ಅಂದುಕೊಂಡೆ. ಆದರೆ ಅವಳ ಮುಖದಲ್ಲಿ ನಗು ಇರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿದೆ. ಎಲ್ಲೋ ದೂರದಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ ಆ ಬಡಿತ ಸಿಕ್ಕಿತು. ಸ್ಕ್ರೂಡ್ರೈವರ್ ತೆಗೆದರೆ ಏನೂ ಇಲ್ಲ. ಮತ್ತೆ ಇಟ್ಟೆ, ಮತ್ತೆ ತೆಗೆದೆ. ಎಂಜಿನ್ ಆಫ್ ಮಾಡಿದೆ. ಫ್ಯಾಕ್ಟರಿಯಲ್ಲಿ ಮೆಷಿನ್ನಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಅಂತ ಹೇಳುತ್ತಿದ್ದವನು ನಾನು. ಕೈ ನಡುಗಿದರೂ ಇಷ್ಟು ಹೆದರುತ್ತಿರಲಿಲ್ಲವೇನೋ.

ಅವಳು ಲೋಟ ಕೈಗಿಟ್ಟು ಪಕ್ಕದ ಮೆಟ್ಟಿಲ ಮೇಲೆ ಕೂತಳು. ಮತ್ತೆ ಬಿಚ್ಚಬೇಕಾದರೆ ಎಂಜಿನ್ ಆರಬೇಕು, ಕಾಯದೆ ವಿಧಿಯಿರಲಿಲ್ಲ.

"ತುಂಬಾ ದಿನದಿಂದ ನೋಡ್ತಾ ಇದೀನಿ," ಅಂದಳು. "ಮೊಬೈಲ್ ರಿಂಗಾದ್ರೆ ಗೊತ್ತಾಗಲ್ಲ. ಹಿಂದಿನಿಂದ ಮಾತಾಡಿಸಿದ್ರೆ ಸುಮ್ನೆ ತಲೆ ಆಡಿಸ್ತೀರ. ಮೊನ್ನೆ ನಮ್ಮಕ್ಕಂಗೆ ಹುಷಾರಿಲ್ಲ ಅಂದೆ. ‘ಒಳ್ಳೇದಾಯ್ತು’ ಅಂದ್ರಿ."

"ಅಯ್ಯೋ! ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ನಿಮಗೆ ಕೇಳಿಸ್ಲಿಲ್ಲ."

ಇಬ್ಬರೂ ನಕ್ಕೆವು. ಅವಳ ನಗು ಬೇಗ ನಿಂತಿತು. ಅಷ್ಟು ದಿನ ಅವಳು ಎಷ್ಟು ಮಾತನ್ನು ಎರಡೆರಡು ಸಲ ಆಡಿರಬೇಕು, ಎಷ್ಟನ್ನು ಬೇಡವೆಂದು ಬಿಟ್ಟಿರಬೇಕು ಅನ್ನಿಸಿತು. ಮನೆ ಈಚೆಗೆ ಶಾಂತವಾಗಿದೆ ಅಂತ ನಾನು ನೆಮ್ಮದಿಯಾಗಿದ್ದೆ.

ತಿಂಡಿ ತಿಂದು, ಪೇಪರ್ ಓದಿ, ಎಂಜಿನ್ ಮುಟ್ಟಿ ನೋಡಿದರೆ ತಣ್ಣಗಾಗಿತ್ತು. "ಸದ್ದು ಯಾವ ಕಡೆಯಿಂದ ಬರ್ತಿತ್ತು?" ಅಂತ ಕೇಳಿದೆ. "ಮುಂದಿನ ಚಕ್ರದ ಕಡೆಯಿಂದ," ಅಂದಳು. ಅಂದರೆ ಎರಡು ವಾಲ್ವುಗಳಲ್ಲಿ ಮುಂದಿನದು, ಸೈಲೆನ್ಸರ್ ಪೈಪು ಎಂಜಿನ್ನಿಗೆ ಸೇರುವ ಕಡೆಯದು. ಬಿಚ್ಚಿ ಪಟ್ಟಿ ತೂರಿಸಿದರೆ ನಿಜವಾಗಿಯೂ ಸಡಿಲವಾಗಿತ್ತು. ಮೊದಲ ಸಲ ನಟ್ಟು ಬಿಗಿ ಮಾಡುವಾಗ ಸಂದು ಹೊಂದಿಸುವ ಸ್ಕ್ರೂ ಜೊತೆಯಲ್ಲೇ ತಿರುಗಿಬಿಟ್ಟಿತ್ತು. ಈ ಸಲ ಸ್ಕ್ರೂ ಒತ್ತಿ ಹಿಡಿದು ಬಿಗಿದೆ. ಕಿಕ್ ಹೊಡೆದು ಅವಳ ಮುಖ ನೋಡಿದೆ. ಕಣ್ಣು ಮುಚ್ಚಿ ಕತ್ತು ವಾಲಿಸಿ ಕೇಳಿಸಿಕೊಂಡಳು.

"ಈಗ ಸರಿ."

ಅವಳ ಮಾತನ್ನೇ ನಂಬಿ, ಬಿಸಿಯಾದ ಎಂಜಿನ್ನಿನ ಕೆಳಗೆ ಬೇಸಿನ್ ಇಟ್ಟು ಕಪ್ಪಾದ ಆಯಿಲ್ ಇಳಿಸಿ ಹೊಸದು ಸುರಿದೆ.

ಆ ವಾರವೇ ವಿಜಯನಗರದಲ್ಲಿ ಕಿವಿ ಡಾಕ್ಟರ ಹತ್ತಿರ ಹೋದೆವು. ಹೆಡ್‌ಫೋನ್ ಹಾಕಿ ಕೂರಿಸಿದರು. ದಪ್ಪ ಸದ್ದುಗಳೆಲ್ಲ ಕೇಳಿಸಿದವು, ಸಣ್ಣ ಕೀರಲು ಸದ್ದುಗಳು ಕೇಳಿಸಲಿಲ್ಲ.

"ಎಲ್ಲಿ ಕೆಲಸ ಮಾಡ್ತಿದ್ರಿ ಸಾರ್?"

"ಪ್ರೆಸ್ ಶಾಪಲ್ಲಿ. ತಗಡು ಒತ್ತೋ ಮೆಷಿನ್ನುಗಳ ಮಧ್ಯೆ."

ಡಾಕ್ಟರು ತಲೆಯಾಡಿಸಿ, ವಯಸ್ಸೂ ಸೇರಿದೆ, ಹೋದದ್ದು ವಾಪಸ್ ಬರೋದಿಲ್ಲ, ಇರೋದನ್ನ ಕಾಪಾಡಿಕೊಳ್ಳೋಣ ಅಂದರು. ಈಗ ಎರಡೂ ಕಿವಿಗೆ ಮಿಷನ್ ಇದೆ. ಮೊದಮೊದಲು ಸ್ಟೀಲ್ ತಟ್ಟೆ ಇಟ್ಟರೂ ಬೆಚ್ಚಿಬೀಳುತ್ತಿದ್ದೆ. ಹೆಂಡತಿಯ ದನಿ ನಾನಂದುಕೊಂಡಿದ್ದಕ್ಕಿಂತ ತೆಳುವಾಗಿತ್ತು. ಅದಕ್ಕೆ ಹೊಂದಿಕೊಳ್ಳಲು ಕೆಲವು ದಿನ ಹಿಡಿಯಿತು. ಎಂಜಿನ್ ಸದ್ದು ಮಾತ್ರ ಆ ಮಿಷನ್ನಿನಲ್ಲಿ ಬರೀ ಕಲಸುಮೇಲೋಗರ. ಹಾಗಾಗಿ ಸರ್ವಿಸ್ ದಿನ ಅದನ್ನು ತೆಗೆದಿಟ್ಟು ಅವಳನ್ನೇ ಕರೆಯುತ್ತೇನೆ.

ಹೋದ ತಿಂಗಳು ಕರೆದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ನಾನು ಸ್ಪ್ಯಾನರ್ ಎತ್ತಿಕೊಂಡಿದ್ದೆ.

"ಕೊಡಿ ಇಲ್ಲಿ," ಅಂತ ಕೈ ಚಾಚಿದಳು. "ಎಷ್ಟು ಸಲ ಬರೀ ಕೇಳಿಸ್ಕೊಂಡು ಕೂರ್ಲಿ?"

ಕೊಟ್ಟೆ. ಯಾವ ಕಡೆ ತಿರುಗಿಸಬೇಕು ಅಂತ ತೋರಿಸಿದೆ. ಸ್ಪ್ಯಾನರ್ ಜಾರಿ ಅವಳ ಬೆರಳ ಗೆಣ್ಣು ತರಚಿತು. ಬೆರಳನ್ನು ಬಾಯಲ್ಲಿಟ್ಟುಕೊಂಡು ಏನೋ ಬೈದಳು. ಏನು ಅಂತ ನನಗೆ ಕೇಳಿಸಲಿಲ್ಲ. ಗೋಣಿಚೀಲದ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟೆ. ಅವಳು ಚಕ್ಕಂಬಕ್ಕಳ ಹಾಕಿ ಕೂತು ಮತ್ತೆ ನಟ್ಟಿಗೆ ಸ್ಪ್ಯಾನರ್ ಕೂರಿಸಿದಳು.