ಎರಡು ಸಲ ಬಿದ್ದ ಉಪ್ಪು

ಕೊರೊನಾ ಕಳೆದು ಛತ್ರಗಳು ಮತ್ತೆ ತುಂಬತೊಡಗಿದ ವರ್ಷ ನಾನು ವಿಜಯನಗರದ ಒಂದು ಮದುವೆ ಅಡುಗೆ ತಂಡದಲ್ಲಿ ಎರಡನೆಯ ಅಡುಗೆಯವನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಕೆಲಸ ಕಲಿಸಿದವರು ತಂಡದ ಯಜಮಾನ ರುದ್ರಣ್ಣ. ನೈವೇದ್ಯಕ್ಕೆ ಮುಂಚೆ ನಮ್ಮಲ್ಲಿ ರುಚಿ ನೋಡುವಂತಿಲ್ಲ. ಐನೂರು ಜನರ ಹುಳಿಗೂ ಯಜಮಾನರೇ ಕೈಯಳತೆಯಲ್ಲಿ ಉಪ್ಪು ಹಾಕಬೇಕು. ಬೇರೆಯವರು ಆ ಡಬ್ಬ ಮುಟ್ಟುವಂತಿಲ್ಲ.

ಮಾರೇನಹಳ್ಳಿಯ ಒಂದು ಮದುವೆಯಲ್ಲಿ ರುದ್ರಣ್ಣ ಉಪ್ಪು ಹಾಕಿ, ಕೈ ತೊಳೆದು ಬಂದು, ಮತ್ತೆ ಡಬ್ಬಕ್ಕೆ ಕೈ ಹಾಕಿ ಇನ್ನೊಂದು ಸಲ ಉಪ್ಪು ಹಾಕಿದರು.

"ಆಗ್ಲೇ ಹಾಕಿದ್ರಿ ಅಣ್ಣ," ಎಂದೆ.

"ನನಗೇ ಹೇಳ್ಕೊಡ್ತೀಯೇನೋ? ಬೀಗರಿಗೆ ಸಮುದ್ರ ಕುಡಿಸ್ತೀನಾ?" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ನಿಜವಾಗ್ಲೂ ಹಾಕಿದ್ನಾ?" ಎಂದರು.

ಆ ದನಿಯಲ್ಲಿ ಭಯವಿತ್ತು. "ಇಲ್ಲ ಅಣ್ಣ, ನನ್ನದೇ ಕಣ್ತಪ್ಪು," ಎಂದು, ಅವರು ಅತ್ತ ಹೋದ ಮೇಲೆ ಹುಳಿಗೆ ಬೇಳೆ, ನೀರು ಸೇರಿಸಿ ಉಪ್ಪು ಹದ ಮಾಡಿದೆ.

ಅಂದಿನಿಂದ ಅವರು ಅತ್ತ ತಿರುಗಿದಾಗ ಉಪ್ಪು ನಾನೇ ಹಾಕಿ, "ಹಾಕಿದ್ರಿ ಅಣ್ಣ, ಆಯ್ತು" ಎನ್ನುತ್ತಿದ್ದೆ. ಅವರು ನಂಬುತ್ತಿದ್ದರು. ಉಂಡವರು ರುದ್ರಣ್ಣನ ಕೈರುಚಿ ಹೊಗಳುತ್ತಿದ್ದರು.

ಒಮ್ಮೆ ಅವರ ಹೆಂಡತಿ ಗಿರಿಜಕ್ಕ ಬ್ಯಾಡರಹಳ್ಳಿಯಿಂದ ನನ್ನನ್ನು ಹುಡುಕಿಕೊಂಡು ಬಂದರು. "ಹೇಳಿದ್ದೇ ಹೇಳ್ತಾರೆ ಕಣಪ್ಪ. ಹಾಲು ಒಲೆ ಮೇಲಿಟ್ಟು ಮರೀತಾರೆ. ಡಾಕ್ಟ್ರಿಗೆ ತೋರಿಸ್ಲಾ? ಕೆಲಸದಲ್ಲಿ ಹೆಂಗಿದಾರೆ?"

"ಅಡುಗೆಮನೇಲಿ ಹುಲಿ ಕಣಕ್ಕ. ಉಪ್ಪು ಒಂದು ಹರಳು ಹೆಚ್ಚುಕಮ್ಮಿ ಇಲ್ಲ."

ಅಕ್ಕ ನಿರಾಳವಾಗಿ ಮನೆಗೆ ಹೋದರು. ರುದ್ರಣ್ಣನ ಮರ್ಯಾದೆ ಉಳಿಸಿದೆ ಎಂದುಕೊಂಡೆ. ಅವರ ಹೆಸರು ಹೋದರೆ ನನ್ನ ಕೆಲಸವೂ ಹೋಗುತ್ತದೆಂಬ ಹೆದರಿಕೆಯೂ ಇತ್ತು.

ಎರಡು ವರ್ಷ ಹೀಗೇ ಕಳೆಯಿತು. ಕುರುಬರಹಳ್ಳಿಯ ಒಂದು ಗೃಹಪ್ರವೇಶದ ದಿನ ರುದ್ರಣ್ಣ ಸೌಟು ಹಿಡಿದು ಒಲೆಯ ಮುಂದೆ ನಿಂತೇ ಇದ್ದರು. ನನ್ನ ಕಡೆ ತಿರುಗಿ, "ಸಾರ್, ನನ್ನನ್ನ ಯಾಕೆ ಕರೆಸಿದೀರಾ?" ಎಂದರು.

ಸ್ಕ್ಯಾನ್, ರಕ್ತಪರೀಕ್ಷೆ, ನೆನಪಿನ ಪರೀಕ್ಷೆ ಎಲ್ಲ ಆದವು. ಅಲ್ಝೈಮರ್, ಅಂದರೆ ಮಿದುಳಿನ ಕೋಶಗಳು ನಿಧಾನವಾಗಿ ಸಾಯುವ ಕಾಯಿಲೆ, ಆಗಲೇ ಬಹಳ ಮುಂದುವರಿದಿತ್ತು. ಡಾಕ್ಟರು ಹೇಳಿದರು: "ಪೂರ್ತಿ ಗುಣ ಮಾಡೋ ಔಷಧಿ ಇಲ್ಲ. ಆದ್ರೆ ಮೊದಲೇ ಬಂದಿದ್ರೆ ಮಾತ್ರೆಯಿಂದ ಸ್ವಲ್ಪ ಕಾಲ ಅನುಕೂಲ ಆಗ್ಬಹುದಿತ್ತು. ಮುಂದೇನು ಅಂತ ಅವರನ್ನೇ ಕೇಳ್ಬಹುದಿತ್ತು. ಕೆಲಸದಲ್ಲಿ ಯಾರಿಗೂ ಗೊತ್ತಾಗ್ಲಿಲ್ವಾ?"

ನನ್ನ ಪರವಾಗಿ ಗಿರಿಜಕ್ಕನೇ ಉತ್ತರಿಸಿದರು: "ಪಕ್ಕದಲ್ಲೇ ಇರೋ ಇವನಿಗೇ ಗೊತ್ತಾಗ್ಲಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತಾಗುತ್ತೆ ಸಾರ್?"

ನಿಜ ಏನೆಂದು ಅಕ್ಕನಿಗೆ ಇವತ್ತಿಗೂ ಹೇಳಿಲ್ಲ. ಅಕ್ಕ ಇದನ್ನು ಓದಬಹುದು. ಓದಲಿ.

ಕೆಲಸಕ್ಕೆ ಸೇರಿದ ಮೊದಲ ದಿನವೇ ರುದ್ರಣ್ಣ ಹೇಳಿದ್ದರು: "ಅಡುಗೆ ಕೆಟ್ರೆ ಮುಚ್ಚಿಡ್ಬೇಡ ಕಣೋ, ಆಗ್ಲೇ ಹೇಳು. ಬಡಿಸಿದ್ಮೇಲೆ ಯಾರ ಕೈಲೂ ಏನೂ ಆಗಲ್ಲ." ಈ ಕೆಲಸ ನನಗೆ ಕಲಿಸಿದ್ದು ಅದೊಂದೇ. ಕಲಿತದ್ದು ಮಾತ್ರ ಬಡಿಸಿಯಾದ ಮೇಲೆ.

ಈಗ ಹೋದಾಗಲೆಲ್ಲ ಅವರ ಪಕ್ಕ ಕೂತು ನಿಜ ಹೇಳುತ್ತೇನೆ: "ಅವತ್ತು ಎರಡು ಸಲ ಹಾಕಿದ್ರಿ ಅಣ್ಣ."

"ಹೌದಾ ಸಾರ್," ಎನ್ನುತ್ತಾರೆ.