ಲೆಚೋನ್ ಮೇಲಕ್ಕೆ ಬಂದ ಭಾನುವಾರ

ನಮ್ಮ ಮನೆಯಲ್ಲಿ ಒಂಬತ್ತು ವರ್ಷ ಕೆಲಸಕ್ಕಿದ್ದ ಫಿಲಿಪಿನೋ ಹೆಂಗಸು ಕೆಲಸ ಬಿಟ್ಟು ತಮ್ಮ ದೇಶಕ್ಕೆ ಹೊರಡುವ ವಾರ, ಏನು ಬೇಕೋ ಕೇಳಿ ಎಂದೆವು. ನನ್ನ ಹೆಂಡತಿಯ ಮನಸ್ಸಿನಲ್ಲಿ ಒಂದು ಜೊತೆ ಬಳೆಯಿತ್ತು. ನನ್ನ ಮನಸ್ಸಿನಲ್ಲಿ ಸೂಟ್‌ಕೇಸ್ ಇತ್ತು, ಯಾಕೆಂದರೆ ನಮ್ಮ ಸ್ಟೋರ್ ರೂಮಿನಲ್ಲಿ ಎರಡು ಹೆಚ್ಚಾಗಿ ಬಿದ್ದಿದ್ದವು.

"ಲೆಚೋನ್, ಮ್ಯಾಮ್," ಎಂದರು ಆಂಟಿ. ನನ್ನ ಮಗಳು ಅವರನ್ನು ಆಂಟಿ ಎನ್ನುತ್ತಿದ್ದಳು, ಹಾಗಾಗಿ ನಾವೂ ಹಾಗೇ ಕರೆಯುತ್ತಿದ್ದೆವು. "ಸ್ಮಾಲ್ ಒನ್. ಎವ್ರಿಬಡಿ ಸಿಟ್ ಟುಗೆದರ್. ಅಜ್ಜಿ ಆಲ್ಸೋ."

ಲೆಚೋನ್ ಎಂದರೆ ಇಡೀ ಹಂದಿ. ಹಾಲು ಕುಡಿಯುವ ವಯಸ್ಸಿನ ಮರಿಯನ್ನು ಬಿದಿರಿಗೆ ಪೋಣಿಸಿ, ಹೊಟ್ಟೆಗೆ ಮಜ್ಜಿಗೆ ಹುಲ್ಲು, ಬೆಳ್ಳುಳ್ಳಿ ತುಂಬಿ ಹೊಲಿದು, ಕೆಂಡದ ಮೇಲೆ ಗಂಟೆಗಟ್ಟಲೆ ತಿರುಗಿಸುತ್ತಾರೆ. ಅವರಲ್ಲಿ ಅದಿಲ್ಲದೆ ಹಬ್ಬವಿಲ್ಲ, ಮದುವೆಯಿಲ್ಲ. ಆಂಟಿಯ ಮಗಳ ಮದುವೆಯಲ್ಲೂ ಮಾಡಿದ್ದರು. ಆಂಟಿ ಅದನ್ನು ನೋಡಿದ್ದು ಬುಕಿತ್ ಬಾಟೋಕ್‌ನ ನಮ್ಮ ಕಾಂಡೋ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಫೋನನ್ನು ತೊಗರಿಬೇಳೆ ಡಬ್ಬಿಗೆ ಒರಗಿಸಿಕೊಂಡು, ನಮಗೆ ಒಬ್ಬಟ್ಟು ತಟ್ಟುತ್ತಾ. ಆ ಕಡೆ ಯಾರೋ ಹಂದಿಯ ಕಿವಿ ಮುರಿದು ಕ್ಯಾಮೆರಾಗೆ ಹಿಡಿದರು. ಮುರಿದ ಸದ್ದು ಫೋನಿನಲ್ಲೇ ಚೆನ್ನಾಗಿ ಕೇಳಿತು. ನೀರು ಕುಡಿಯಲು ಹೋಗಿದ್ದ ನಾನು ಕಂಗ್ರಾಚುಲೇಷನ್ಸ್ ಹೇಳಿ ಬಂದೆ. ಅವರು ರಜೆ ಕೇಳಿರಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆವು ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ.

ಹಂದಿ ತರಿಸುವುದು ಕಷ್ಟವಿರಲಿಲ್ಲ. ಸೆಲೆಟಾರ್‌ನಲ್ಲಿ ನನ್ನ ಜೊತೆ ವಿಮಾನ ರಿಪೇರಿ ಮಾಡುವವರಲ್ಲಿ ಅರ್ಧ ಜನ ಫಿಲಿಪಿನೋಗಳು. ಒಂದು ಮಾತು ಕೇಳಿದ್ದಕ್ಕೆ ಮೂವರು ಮೂರು ಕಡೆಯ ಫೋನ್ ನಂಬರ್ ಕೊಟ್ಟು, ಉಳಿದಿಬ್ಬರು ಹೇಳಿದ್ದು ಸರಿಯಿಲ್ಲ ಎಂದೂ ಹೇಳಿದರು. ಕಷ್ಟವಿದ್ದದ್ದು ಅಮ್ಮನದು. ಆಂಟಿ ಕೇಳಿದ 'ಎವ್ರಿಬಡಿ'ಯಲ್ಲಿ ಅಮ್ಮ ಬರುವುದು ಅನುಮಾನವಿತ್ತು.

ಅಮ್ಮ ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದರು. ನಾವು ಮಾಂಸ ತಿನ್ನುವ ಜನವೇ. ಶನಿವಾರ ವೆಂಕಟರಮಣನದು, ಸೋಮವಾರ ಈಶ್ವರನದು, ಶ್ರಾವಣ ಎಲ್ಲ ದೇವರದು. ಉಳಿದದ್ದು ಕುರಿ ಕೋಳಿಯದು. ಹಂದಿಯ ಕಾನೂನು ಮಾತ್ರ ಬೇರೆ. ಅಪ್ಪನಿಗೆ ಅದು ಪ್ರಾಣ. ಅವರು ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ತಾವೇ ಬೇಯಿಸಿ, ಅಲ್ಲೇ ಎಲೆ ಹಾಕಿಕೊಂಡು ತಿಂದು, ತಲೆಗೆ ಸ್ನಾನ ಮಾಡಿದ ಮೇಲೆಯೇ ಒಳಗೆ ಬರಬೇಕು. ಪಾತ್ರೆಗೆ ಒಳಗೆ ಪ್ರವೇಶವೇ ಇಲ್ಲ. ಅದು ವರ್ಷವಿಡೀ ಸೀಬೆ ಮರದ ಕೊಂಬೆಯಲ್ಲಿ ನೇತಾಡುತ್ತಿತ್ತು. ಒಳಗೆ ಕೂತು ನಾಲ್ಕು ಜನರಿಗೆ ನ್ಯಾಯ ಹೇಳುತ್ತಿದ್ದ ಮನುಷ್ಯ ಹಿತ್ತಲ ಬಾಗಿಲಲ್ಲಿ ಒದ್ದೆ ತಲೆಯಲ್ಲಿ ನಿಂತು "ಬರ್ಲೇನೇ?" ಎಂದು ಕೇಳುತ್ತಿದ್ದ ದೃಶ್ಯ ನನಗೆ ಬಹಳ ಇಷ್ಟವಾಗಿತ್ತು.

ಅಮ್ಮನಿಗೆ ಹೆದರುತ್ತಾ ವಿಷಯ ಹೇಳಿದೆ. ನನಗೆ ನಲವತ್ತಾರು ವರ್ಷ, ಅದನ್ನೂ ಹೇಳಿಬಿಡುತ್ತೇನೆ.

"ಅವ್ಳೇ ಬಾಯಿಬಿಟ್ಟು ಕೇಳಿದ್ಲಾ?"

"ಹೂಂ."

ಅಮ್ಮ ಯೋಚಿಸಿದರು. ಕಳೆದ ಸಲ ಬಂದಾಗ ಮಂಡಿ ನೋವೆಂದು ಮಲಗಿದ್ದ ಅಮ್ಮನನ್ನು ಎರಡು ವಾರ ಎಬ್ಬಿಸಿ ಕೂರಿಸಿದ್ದು ಆಂಟಿ. "ಕೆಳಗಡೆ ಎಲ್ಲಾದ್ರೂ ಮಾಡ್ಕೊಳಿ. ಬಂದು ಕೂತ್ಕೊತೀನಿ. ತಿನ್ನು ಅಂತ ಮಾತ್ರ ಹೇಳ್ಬೇಡ."

ಆಂಟಿಗೆ ಇದನ್ನು ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದೆ. ಅವರೇ ಹೇಳಿದರು, "ಡೌನ್, ಸರ್. ಬಾರ್ಬೆಕ್ಯೂ ಪಿಟ್. ಅಪ್ ಕೆನಾಟ್." ನನಗೆ ಹಾಯೆನಿಸಿತು. ಎಷ್ಟು ಅರ್ಥ ಮಾಡಿಕೊಳ್ಳುವ ಹೆಂಗಸು ಎಂದು ಹೆಂಡತಿಗೆ ಹೇಳಿದೆ. ಭಾನುವಾರಕ್ಕೆ ಸ್ವಿಮ್ಮಿಂಗ್ ಪೂಲ್ ಪಕ್ಕದ ಪಿಟ್, ಅಂದರೆ ಮಾಂಸ ಸುಡುವ ಒಲೆಕಟ್ಟೆ, ಬುಕ್ ಮಾಡಿದೆವು. ಸೋಮವಾರ ಅವರ ಫ್ಲೈಟ್.

ಭಾನುವಾರ ಹನ್ನೊಂದು ಗಂಟೆಗೆ ಮಳೆ ಶುರುವಾಯಿತು. ಮಿಂಚು ನಿಲ್ಲುವವರೆಗೆ ಪೂಲ್ ಕಡೆ ಯಾರೂ ಹೋಗುವಂತಿಲ್ಲ ಎಂದು ಸೆಕ್ಯುರಿಟಿ ಅಂಕಲ್ ಹೇಳಿದರು. ಅದೇ ಹೊತ್ತಿಗೆ ವ್ಯಾನ್ ಬಂತು. ಡ್ರೈವರ್ ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ಲಿಫ್ಟ್ ಲಾಬಿಯಲ್ಲಿ ಇಳಿಸಿ ಸಹಿ ಹಾಕಿಸಿಕೊಂಡು ಹೋದ. ಪೆಟ್ಟಿಗೆಯ ಸುತ್ತ ನಾವು ಐದು ಜನ ನಿಂತೆವು. ನಾಯಿ ಹಿಡಿದುಕೊಂಡು ಬಂದ ಪಕ್ಕದ ಬ್ಲಾಕಿನ ಚೀನೀ ಮುದುಕರೊಬ್ಬರು ನಮಗಿಂತ ಮುಂಚೆ ಲೆಚೋನಿಗೆ ನಮಸ್ಕಾರ ಮಾಡುವ ಹಾಗೆ ಬಗ್ಗಿ, ವಾಸನೆ ತೆಗೆದುಕೊಂಡು, ನಾಯಿಯನ್ನು ಬಲವಂತವಾಗಿ ಎಳೆದುಕೊಂಡು ಹೋದರು.

"ನೆಕ್ಸ್ಟ್ ಟೈಮ್, ಸರ್," ಎಂದರು ಆಂಟಿ. ನೆಕ್ಸ್ಟ್ ಟೈಮ್ ಎನ್ನುವುದು ಇರಲಿಲ್ಲ. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಅಮ್ಮ ಪೆಟ್ಟಿಗೆಯ ಮುಚ್ಚಳ ಎತ್ತಿದರು. ಬಾಳೆಲೆಯ ಮೇಲೆ ಹಂದಿ ಕಣ್ಣು ಮುಚ್ಚಿ ಮಲಗಿತ್ತು. ಮೈಯೆಲ್ಲ ಕೆಂಪಗೆ, ಎಣ್ಣೆ ಹಚ್ಚಿ ಒರೆಸಿದ ತೊಟ್ಟಿಲಿನಷ್ಟು ನುಣ್ಣಗೆ. "ಸೋ ಕ್ಯೂಟ್ ಲಾ," ಎಂದಳು ಮಗಳು.

"ಇದು ಬೆಂದುಬಿಟ್ಟಿದೆ ಅಲ್ವೇನೋ?" ಅಮ್ಮ ಕೇಳಿದರು.

"ಹೌದಮ್ಮ."

"ಮತ್ತೆ? ಒಲೆ ಹತ್ತಿಸಲ್ಲ, ಪಾತ್ರೆ ಮುಟ್ಟಲ್ಲ. ಶಾಸ್ತ್ರ ಇರೋದು ಬೇಯ್ಸೋಕೆ. ಎಲೆ ಮೇಲೆ ಬಂದಿದೆ, ಎಲೆ ಮೇಲೇ ತಿನ್ನೋದು. ಮೇಲಕ್ಕೆ ತಗೊಂಡ್ ನಡೀರಿ."

ಈ ತಿದ್ದುಪಡಿ ಅಪ್ಪ ಬದುಕಿದ್ದಾಗ ಯಾಕೆ ಬರಲಿಲ್ಲ ಎಂದು ನಾನು ಕೇಳಲಿಲ್ಲ. ಲಿಫ್ಟಿನಲ್ಲಿ ಪೆಟ್ಟಿಗೆ ಓರೆಯಾಗಿಯೇ ಹಿಡಿಯಬೇಕಾಯಿತು.

ಡೈನಿಂಗ್ ಟೇಬಲ್ ಮೇಲೆ ಪೇಪರ್ ಹಾಸಿ, ಅದರ ಮೇಲೆ ಬಾಳೆಲೆ, ಅದರ ಮೇಲೆ ಹಂದಿ. ದೇವರಕೋಣೆ ಬಾಗಿಲನ್ನು ಹೆಂಡತಿ ಮೆಲ್ಲಗೆ ಮುಚ್ಚಿದಳು. ಆಂಟಿ ಕತ್ತಿ ಹಿಡಿದು ನಿಂತರು, ಚರ್ಮವನ್ನು ಮೊದಲು ತಿನ್ನಬೇಕು, ಆರಿದರೆ ಹೋಯಿತು ಎಂದು ಹೇಳಿ ಎಲ್ಲರಿಗೂ ಬಡಿಸತೊಡಗಿದರು. ಒಂಬತ್ತು ವರ್ಷ ಅದೇ ಟೇಬಲ್ಲಿಗೆ ಅವರು ನಿಂತು ಬಡಿಸಿದ್ದರು. ನಾವು ಎದ್ದ ಮೇಲೆ ಅಡುಗೆಮನೆಯಲ್ಲಿ ಊಟ ಮಾಡುತ್ತಿದ್ದರು. ಕೂತುಕೊಳ್ಳಿ ಎಂದು ಮೊದಲ ವಾರ ನಾವು ಹೇಳಿದ್ದೆವು, ಅವರು ಬೇಡ ಎಂದಿದ್ದರು, ನಾವು ಅದನ್ನು ಅಲ್ಲಿಗೇ ಬಿಟ್ಟಿದ್ದೆವು.

"ಕೂತ್ಕೊಳೇ," ಎಂದು ಅಮ್ಮ ಅವರ ಕೈಯಿಂದ ಕತ್ತಿ ತೆಗೆದುಕೊಂಡರು. ಕುರ್ಚಿ ಎಳೆದು ಕೂರಿಸಿ, ಒಂದು ಕಿವಿಯನ್ನು ಪೂರ್ತಿ ಕೊಯ್ದು ಅವರ ಎಲೆಗೆ ಹಾಕಿದರು. ಆಂಟಿ ಅದನ್ನು ಎರಡು ಕೈಯಲ್ಲಿ ಹಿಡಿದು ಕಚ್ಚಿ, ಕಣ್ಣು ಮುಚ್ಚಿಕೊಂಡರು. ಸುಮ್ಮನೆ ರುಚಿ ನೋಡುತ್ತೇನೆ ಎಂದು ನನ್ನ ಹೆಂಡತಿ ನಾಲ್ಕು ಸಲ ರುಚಿ ನೋಡಿದಳು. ಕ್ಯೂಟ್ ಎಂದಿದ್ದ ಮಗಳು ಬಾಲ ಕೇಳಿದಳು. ತಿನ್ನುವುದಿಲ್ಲ ಎಂದಿದ್ದ ಅಮ್ಮ ಒಂದು ಚೂರು ಚರ್ಮ ಬಾಯಿಗೆ ಹಾಕಿಕೊಂಡು, "ಹಪ್ಪಳ ಇದ್ದಂಗಿದೆ," ಎಂದು, ಮಾವಿನ ಉಪ್ಪಿನಕಾಯಿ ತರಿಸಿಕೊಂಡು ಹಾಕಿಕೊಂಡು ತಿಂದರು. ನನಗೆ ಅಷ್ಟು ಸಂತೋಷವಾಗಿ ಬಹಳ ವರ್ಷವಾಗಿತ್ತು. ಆಂಟಿ ಕೇಳಿದ್ದು ಕೊಟ್ಟೆವು ಎಂದುಕೊಂಡೆ.

ಊಟ ಮುಗಿಯಿತು, ಮಳೆಯೂ ನಿಂತಿತ್ತು. ಆಂಟಿ ಕೈ ತೊಳೆದು, ತಮ್ಮ ರೂಮಿಗೆ ಹೋಗಿ ಟವೆಲ್ಲು, ಬಟ್ಟೆ ತಂದು, ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಂಡರು.

"ಎಲ್ಲಿಗೇ?" ಅಮ್ಮ ಕೇಳಿದರು.

"ಸ್ನಾನ, ಅಜ್ಜಿ. ಪೂಲ್ ಶವರ್."

"ಎರಡು ಬಾತ್‌ರೂಮ್ ಇದೆಯಲ್ಲ ಆಂಟಿ," ಎಂದೆ.

ಅವರು ನನ್ನನ್ನು ಆಶ್ಚರ್ಯದಿಂದ ನೋಡಿದರು. ಮೊದಲ ವಾರ ನೀವೇ ಹೇಳಿದ್ದಲ್ಲವೇ ಸರ್, ಎಂದರು ತಮ್ಮ ಇಂಗ್ಲಿಷಿನಲ್ಲಿ. ನಿಮ್ಮ ಅಪ್ಪ ಹಂದಿ ತಿಂದರೆ ಹೊರಗೇ ಸ್ನಾನ ಮಾಡಿ ಒಳಗೆ ಬರುತ್ತಿದ್ದರು ಎಂದು. ಅದಕ್ಕೇ ಭಾನುವಾರ ಫ್ರೆಂಡ್ಸ್ ಜೊತೆ ಊಟ ಮಾಡಿದರೆ ಕೆಳಗೆ ಸ್ನಾನ ಮಾಡಿಯೇ ಮೇಲೆ ಬರುತ್ತೇನೆ ಎಂದರು. "ಆಲ್ವೇಸ್, ಸರ್. ನೈನ್ ಇಯರ್ಸ್."

ಪ್ರತಿ ಭಾನುವಾರ ಸಂಜೆ ಅವರು ಒದ್ದೆ ಕೂದಲಲ್ಲಿ ಬರುತ್ತಿದ್ದರು. ಈಜುತ್ತಾರೆ ಎಂದುಕೊಂಡಿದ್ದೆವು. ನಮ್ಮ ಆಂಟಿ ಪೂಲ್ ಕೂಡ ಬಳಸುತ್ತಾರೆ, ಮನೆಯವರ ಹಾಗೇ ಇದ್ದಾರೆ ಎಂದು ಸ್ನೇಹಿತರಿಗೆ ಹೇಳಿಕೊಂಡಿದ್ದೆವು. ಒಂದು ಹುಟ್ಟುಹಬ್ಬಕ್ಕೆ ಈಜುವ ಕನ್ನಡಕ ಕೊಟ್ಟಿದ್ದೆವು, ಅವರು ಥ್ಯಾಂಕ್ಯೂ ಎಂದು ತೆಗೆದುಕೊಂಡಿದ್ದರು. ಅಪ್ಪನ ಕಥೆಯನ್ನು ನಾನು ನಗಿಸಲು ಹೇಳಿದ್ದು. ಮನೆಗೆ ಬಂದವರಿಗೆಲ್ಲ ಹೇಳುತ್ತೇನೆ. ಅದೇ ಮನೆಯಲ್ಲಿ ಕೆಲಸಕ್ಕೆ ಸೇರಿ ಮೂರು ದಿನವಾದವರಿಗೆ ಯಜಮಾನನ ತಮಾಷೆ ಹೇಗೆ ಕೇಳಿಸುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು.

"ಏನಂತೆ?" ಎಂದರು ಅಮ್ಮ. ಕನ್ನಡದಲ್ಲಿ ಹೇಳಿದೆ. ಹೇಳುವಾಗ ಮಗಳು ನನ್ನನ್ನೇ ನೋಡುತ್ತಿದ್ದಳು.

"ನಿಮ್ಮಪ್ಪ ಒಂದಿನಾನೂ ಸರಿಯಾಗಿ ಸ್ನಾನ ಮಾಡ್ಲಿಲ್ಲ ಕಣೋ," ಎಂದರು ಅಮ್ಮ. "ತಲೆ ಮೇಲೆ ಎರಡು ಚೊಂಬು ಸುರ್ಕೊಂಡು ಬರೋರು. ನಂಗೂ ಗೊತ್ತಿತ್ತು, ಸುಮ್ನಿರ್ತಿದ್ದೆ. ಒಳಗೆ ಬಾರೇ."

ಆಂಟಿಗೆ ಅಷ್ಟು ಕನ್ನಡ ಬರುತ್ತಿತ್ತು. ಅವರು ನಕ್ಕು, ತಲೆಯಾಡಿಸಿ, "ಲಾಸ್ಟ್ ಒನ್, ಅಜ್ಜಿ," ಎಂದು ಬಾಗಿಲು ಎಳೆದುಕೊಂಡು ಹೋದರು. ಹಂದಿ ತಿಂದ ಉಳಿದ ನಾಲ್ಕು ಜನ ಸ್ನಾನ ಮಾಡದೆ, ಮನೆಯೊಳಗೇ ಕೂತು, ಅವರು ಮಿಂದು ಬರುವುದನ್ನು ಕಾದೆವು.