ಸ್ಪಂಜಿನ ಹೋಳಿಗೆಗೆ ಸವರಿದ ತುಪ್ಪ

ತಿನ್ನಲು ಬಾರದ ಅಡುಗೆ ಮಾಡುವುದೇ ನನ್ನ ತಮ್ಮನ ಕಲೆ. ಹಳೆಯ ಹಾಸಿಗೆಯ ಸ್ಪಂಜನ್ನು ಕತ್ತರಿಸಿ, ಅರಿಶಿನದ ನೀರಿನಲ್ಲಿ ಅದ್ದಿ ಹೋಳಿಗೆ ಮಾಡುತ್ತಾನೆ. ಸವೆದ ಹವಾಯಿ ಚಪ್ಪಲಿಯಿಂದ ವಡೆ, ಥರ್ಮಾಕೋಲಿನಿಂದ ಅನ್ನ, ಶಾಂಪೂ ಪೊಟ್ಟಣ ಹೊಲಿದು ಬಾಳೆಎಲೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಇದೆಲ್ಲ ಯಾಕೋ ಎಂದು ಕೇಳಿದರೆ, "ಟೀವಿ ಜಾಹೀರಾತಿನ ಊಟ ಕಣ್ಣು ತುಂಬ್ತೈತೆ, ಹೊಟ್ಟೆ ತುಂಬಲ್ಲ. ಇದೂ ಅಂಥದ್ದೇ ಅಕ್ಕ" ಎನ್ನುತ್ತಿದ್ದ.

ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಈ ಅಡುಗೆಯೆಲ್ಲ ಚಿತ್ರದುರ್ಗದ ಪ್ರದರ್ಶನಕ್ಕೆ ಹೋಗಬೇಕಿತ್ತು. ಹೊಳಲ್ಕೆರೆಯ ನಮ್ಮ ಮನೆಯ ಅಟ್ಟದಲ್ಲಿ ಬಟ್ಟೆ ಮುಚ್ಚಿಟ್ಟು, "ಯಾರೂ ಮುಟ್ಟಬ್ಯಾಡ್ರಿ" ಎಂದಿದ್ದ.

ಹಬ್ಬಕ್ಕೆ ಹರಿಯಬ್ಬೆಯಿಂದ ಸೋದರತ್ತೆ ಬಂದಳು. "ಏನೇ, ನಿನ್ನ ತಮ್ಮ ಹಾಸಿಗೆ ಹರಿದು ಹೋಳಿಗೆ ಮಾಡ್ತಾನಂತಲ್ಲ! ಸತ್ತ ನಮ್ಮಣ್ಣಗೂ ಅದನ್ನೇ ಎಡೆ ಇಡ್ತೀಯೇನು?" ಎಂದು ನಕ್ಕಳು. ನನಗೆ ರೇಗಿತು. ಇವಳನ್ನೇ ಏಮಾರಿಸಿ, ಬಾಯಿಗೆ ಹೋಗುವ ಮೊದಲು ಕಿತ್ತುಕೊಂಡು ನಗಬೇಕೆಂದುಕೊಂಡೆ. ಅಟ್ಟದಿಂದ ಒಂದು ಹೋಳಿಗೆ ಇಳಿಸಿ, ಬಿಸಿ ತುಪ್ಪ ಸವರಿ ಒಲೆಯ ಪಕ್ಕ ಇಟ್ಟೆ.

ಅಪ್ಪನ ಫೋಟೋ ಮುಂದೆ ಎಡೆ ಬಡಿಸಿ ಕದ ಮುಚ್ಚಿದೆವು. ಹಿರಿಯರು ಉಣ್ಣುವಾಗ ಯಾರೂ ಕದ ತೆಗೆಯಬಾರದು. ಹೊರಗೆ ಸದ್ದಿಲ್ಲದೆ ಕುಳಿತೆವು. ನೀರು ಕುಡಿಯಲು ಅಡುಗೆಮನೆಗೆ ಹೋದೆ. ಒಲೆಯ ಪಕ್ಕ ತಟ್ಟೆ ಇರಲಿಲ್ಲ.

"ಅವ್ವ, ಇಲ್ಲಿದ್ದ ಹೋಳಿಗೆ?"

"ಎಡೆಗೆ ಹಾಕೋದು ಮರೆತಿದ್ದೆಯಲ್ಲ, ಕದ ಮುಚ್ಚೋ ಮುಂಚೆ ನಾನೇ ಹಾಕಿದೆ" ಎಂದಳು, ಕಣ್ಣಿಗೆ ಪೊರೆ ಬಂದಿದ್ದ ನಮ್ಮವ್ವ.

ಆಗಲೇ ಹೇಳಬಹುದಿತ್ತು. ಅತ್ತೆ ಎದುರಿಗೇ ಇದ್ದಳು. ಸತ್ತ ಅಪ್ಪನಿಗೆ ಸ್ಪಂಜು ಬಡಿಸಿದ್ದೇವೆಂದು ಯಾವ ಬಾಯಲ್ಲಿ ಹೇಳಲಿ? ಕದ ತೆಗೆದಾಗ ನಾನೇ ಮೊದಲು ನುಗ್ಗಿ ತೆಗೆದರಾಯಿತು ಎಂದು ಬಾಯಿ ಮುಚ್ಚಿಕೊಂಡೆ. ಒಳಗೆ ಅಪ್ಪ ಅದನ್ನು ಮುರಿದು ನೋಡುತ್ತಿರಬಹುದು ಎನ್ನಿಸಿತು.

ಆದರೆ ಎಡೆಯ ಮೊದಲ ತುತ್ತು ಅವ್ವನದು. ಕದ ತೆಗೆದವಳೂ ಅವಳೇ. ನಾನು ಅತ್ತೆಯನ್ನು ದಾಟಿ ಬರುವಷ್ಟರಲ್ಲಿ ಕಣ್ಣು ಮುಚ್ಚಿ, ಕೈಮುಗಿದು, ಆ ಹೋಳಿಗೆಯ ಚೂರು ಬಾಯಿಗೆ ಹಾಕಿಕೊಂಡಿದ್ದಳು. ಮರುಕ್ಷಣ ಗಂಟಲು ಹಿಡಿದು ಕುಸಿದಳು. ಉಸಿರಿನ ಬದಲು ಒಂದು ಸಣ್ಣ ಸಿಳ್ಳು ಬರುತ್ತಿತ್ತು. ಆಟೋದಲ್ಲಿ ಆಸ್ಪತ್ರೆ ಮುಟ್ಟುವವರೆಗೂ ಆ ಸಿಳ್ಳು ನಿಂತೀತೆಂದು ಹೆದರಿ ಅವಳ ಬಾಯಿಗೆ ಕಿವಿ ಹಚ್ಚಿ ಕುಳಿತಿದ್ದೆ.

ಡಾಕ್ಟರು ಸ್ಪಂಜು ಹೊರತೆಗೆದರು. ಅವ್ವ ಉಳಿದಳು.

"ಕಲೆಯಂತೆ ಕಲೆ! ಹೆತ್ತವಳನ್ನೇ ನುಂಗ್ತಿದ್ದೆಯಲ್ಲೋ" ಎಂದು ಅತ್ತೆ ತಮ್ಮನನ್ನು ಬೈದಳು. "ನಂದೇ ತಪ್ಪು. ಅಟ್ಟದಾಗೆ ಇಡಬಾರದಿತ್ತು" ಎಂದು ಅವನು ಅತ್ತ. ಪ್ರದರ್ಶನದವರಿಗೆ ಫೋನ್ ಮಾಡಿ ಬರುವುದಿಲ್ಲ ಎಂದ. ನಾನು ಅವನ ಪಕ್ಕದಲ್ಲೇ ನಿಂತು ಸುಮ್ಮನಿದ್ದೆ.

ಮನೆಗೆ ಬಂದು ಎಡೆ ತೆಗೆಯುವಾಗ ಅವನು ಕರೆದ. ಎಲೆಯಲ್ಲಿ ಉಳಿದಿದ್ದ ಸ್ಪಂಜಿಗೆ ಇರುವೆ ಮುತ್ತಿದ್ದವು. ಬೆರಳಿನಿಂದ ಮುಟ್ಟಿ ಮೂಸಿದ.

"ತುಪ್ಪ" ಎಂದ. ನಾನು ಎಡೆಯ ಎಲೆ ಮಡಚತೊಡಗಿದೆ.

"ಅವ್ವಗೆ ನೀನೇ ಹೇಳು ಅಕ್ಕ. ನಾ ಹೇಳಲ್ಲ."

ಅವ್ವನ ಮಂಚದ ತುದಿಯಲ್ಲಿ ಕುಳಿತು ಹೇಳಿದೆ. ಅವ್ವ ಗಂಜಿ ಗುಟುಕರಿಸುತ್ತ ಕೇಳಿದಳು. ಬೈಯಲಿಲ್ಲ. ಒಡಕು ದನಿಯಲ್ಲಿ, "ಬಾಯಿಗಿಟ್ಟಾಗ್ಲೇ ಏನೋ ಅನ್ನಿಸ್ತು ಕಣೆ. ತುಪ್ಪದ ರುಚಿ ಬಂತಲ್ಲ, ಅದಕ್ಕೇ ನುಂಗಿದೆ. ಇಲ್ಲಾಂದ್ರೆ ಉಗುಳ್ತಿದ್ದೆ" ಎಂದಳು.